ಋತುಬಂಧದ ಬೇಗೆ: ಸಮುದಾಯದಿಂದ ಸಮುದಾಯಕ್ಕೆ ಏಕಿಷ್ಟು ವ್ಯತ್ಯಾಸ?

ಮುಟ್ಟು ನಿಲ್ಲುವುದು ಮಹಿಳೆಯ ಬದುಕಿನ ಸಹಜ ಘಟ್ಟ. ಆದರೆ ಆ ಘಟ್ಟವನ್ನು ದಾಟುವ ಅನುಭವ ಎಲ್ಲರಿಗೂ ಒಂದೇ ತೆರನಾಗಿರುವುದಿಲ್ಲ. ಕೆಲವರಿಗೆ ಅದು ಬಂದು ಹೋದದ್ದೇ ತಿಳಿಯುವುದಿಲ್ಲ. ಇನ್ನು ಕೆಲವರು ವರ್ಷಗಟ್ಟಲೆ ಮೈ ಬಿಸಿಯೇರುವಿಕೆ, ರಾತ್ರಿ ಬೆವರು, ನಿದ್ರಾಹೀನತೆಯಿಂದ ಬಳಲುತ್ತಾರೆ. ಈ ವ್ಯತ್ಯಾಸ ವ್ಯಕ್ತಿಯಿಂದ ವ್ಯಕ್ತಿಗಷ್ಟೇ ಅಲ್ಲ, ಸಮುದಾಯದಿಂದ ಸಮುದಾಯಕ್ಕೂ ಇದೆ ಎಂಬುದನ್ನು ಅಮೆರಿಕದಲ್ಲಿ ನಡೆದ ದೀರ್ಘಾವಧಿಯ ಅಧ್ಯಯನವೊಂದು ಅಂಕಿ ಅಂಶಗಳ ಸಮೇತ ತೋರಿಸಿಕೊಟ್ಟಿದೆ. ಆಫ್ರಿಕನ್ ಅಮೆರಿಕನ್ ಮಹಿಳೆಯರನ್ನು ಈ ಬೇಗೆ ಕಾಡುವ ಅವಧಿ, ಜಪಾನ್ ಮೂಲದ ಮಹಿಳೆಯರನ್ನು ಕಾಡುವ ಅವಧಿಯ ಎರಡು ಪಟ್ಟಿಗಿಂತಲೂ ಹೆಚ್ಚು.

ಇದಕ್ಕೆ ರಕ್ತಗುಣ ಕಾರಣವೇ, ಆಹಾರವೇ, ಬದುಕಿನ ಬವಣೆಯೇ, ಅಥವಾ ಪ್ರಶ್ನೆ ಕೇಳುವ ಭಾಷೆಯೇ? ಈ ಪ್ರಶ್ನೆ ಕೇವಲ ಸಂಶೋಧಕರ ಕುತೂಹಲಕ್ಕೆ ಸಂಬಂಧಿಸಿದ್ದಲ್ಲ. 'ನಿಮ್ಮ ಕಡೆಯವರಿಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ' ಎಂಬ ಪೂರ್ವಗ್ರಹದಿಂದ ವೈದ್ಯರು ರೋಗಿಯ ಮಾತನ್ನು ತಳ್ಳಿಹಾಕಿದರೆ, ಅದರ ಬೆಲೆ ತೆರುವವಳು ಎದುರಿಗೆ ಕುಳಿತ ಮಹಿಳೆ.

ಋತುಬಂಧ ಎಂದರೇನು?

ಸತತ 12 ತಿಂಗಳು ಮುಟ್ಟು ಆಗದಿದ್ದರೆ, ಅದಕ್ಕೆ ಬೇರೆ ಕಾರಣವೂ ಇಲ್ಲದಿದ್ದರೆ, ಋತುಬಂಧ ಆಗಿದೆ ಎಂದು ವೈದ್ಯರು ಪರಿಗಣಿಸುತ್ತಾರೆ. ಅದಕ್ಕೆ ಹಲವು ವರ್ಷ ಮೊದಲೇ ಮುಟ್ಟಿನ ಕ್ರಮ ತಪ್ಪತೊಡಗುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಉತ್ಪಾದನೆ ಏರುಪೇರಾಗಿ, ಕಡೆಗೆ ಬಹಳ ಕಡಿಮೆಯಾಗುತ್ತದೆ. ಈ ಅವಧಿಯನ್ನು ಋತುಬಂಧದ ಸಂಕ್ರಮಣ ಕಾಲ ಎನ್ನಬಹುದು. ಬಹುಪಾಲು ತೊಂದರೆಗಳು ಕಾಣಿಸಿಕೊಳ್ಳುವುದು ಈ ಅವಧಿಯಲ್ಲಿ ಮತ್ತು ಅದರ ನಂತರದ ಕೆಲವು ವರ್ಷಗಳಲ್ಲಿ.

ಇವುಗಳಲ್ಲಿ ಮುಖ್ಯವಾದದ್ದು 'ಹಾಟ್ ಫ್ಲಷ್'. ಇದ್ದಕ್ಕಿದ್ದಂತೆ ಎದೆ, ಕತ್ತು, ಮುಖಕ್ಕೆ ಬಿಸಿಯೇರಿ, ಬೆವರು ಕಿತ್ತು ಬಂದು, ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಹಿಂದೆಯೇ ಕೆಲವರಿಗೆ ಚಳಿ ಹತ್ತುತ್ತದೆ. ನಿದ್ರೆಯಲ್ಲಿ ಇದೇ ಆದರೆ ರಾತ್ರಿ ಬೆವರು. ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ದೇಹದ ಉಷ್ಣತೆಯನ್ನು ಕಾಯುತ್ತದೆ. ಉಷ್ಣತೆ ಒಂದು ಮಿತಿಯೊಳಗೆ ಏರಿಳಿದರೆ ಅದು ಸುಮ್ಮನಿರುತ್ತದೆ. ಈಸ್ಟ್ರೋಜನ್ ಇಳಿದಾಗ ಆ ಭಾಗದ ಕೆಲವು ನರಕೋಶಗಳು ಅತಿಯಾಗಿ ಉದ್ರೇಕಗೊಂಡು ಈ ಮಿತಿ ಕಿರಿದಾಗುತ್ತದೆ. ಆಗ ಉಷ್ಣತೆ ಒಂದಿಷ್ಟು ಏರಿದರೂ ಸಾಕು, ದೇಹ ಅದನ್ನು ಅತಿ ಸೆಕೆ ಎಂದು ಭಾವಿಸಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ.

ಇದಲ್ಲದೆ ನಿದ್ರೆ ಬಾರದಿರುವುದು, ಕೀಲು ಹಾಗೂ ಮೈಕೈ ನೋವು, ಸಿಡುಕು, ಬೇಸರ, ಮರೆವು, ಯೋನಿಯ ಶುಷ್ಕತೆ, ಮೂತ್ರದ ತೊಂದರೆ ಮುಂತಾದವನ್ನೂ ಮಹಿಳೆಯರು ಹೇಳಿಕೊಳ್ಳುತ್ತಾರೆ.

ಏಳು ಕೇಂದ್ರ, ಐದು ಸಮುದಾಯ

1990ರ ದಶಕದವರೆಗೆ ಋತುಬಂಧದ ಕುರಿತ ಪಾಶ್ಚಾತ್ಯ ಜ್ಞಾನ ಬಹುಮಟ್ಟಿಗೆ ಬಿಳಿಯ ಮಹಿಳೆಯರ ಅನುಭವವನ್ನೇ ಆಧರಿಸಿತ್ತು. ಅದರಲ್ಲಿಯೂ ಚಿಕಿತ್ಸೆಗೆಂದು ಕ್ಲಿನಿಕ್‌ಗೆ ಬಂದವರ ಅನುಭವವೇ ಹೆಚ್ಚು. ಈ ಕೊರತೆ ತುಂಬಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ 'ಸ್ಟಡಿ ಆಫ್ ವಿಮೆನ್ಸ್ ಹೆಲ್ತ್ ಅಕ್ರಾಸ್ ದಿ ನೇಷನ್' ಎಂಬ ಅಧ್ಯಯನ ಆರಂಭವಾಯಿತು. 'ಸ್ವಾನ್' ಎಂಬುದು ಇದರ ಸಂಕ್ಷಿಪ್ತ ಹೆಸರು.

ಬೋಸ್ಟನ್, ಷಿಕಾಗೊ, ಡೆಟ್ರಾಯಿಟ್, ಪಿಟ್ಸ್‌ಬರ್ಗ್, ನ್ಯೂವಾರ್ಕ್, ಲಾಸ್ ಏಂಜಲೀಸ್ ಮತ್ತು ಓಕ್ಲೆಂಡ್ ಪ್ರದೇಶಗಳ ಏಳು ಕೇಂದ್ರಗಳಲ್ಲಿ ಮೊದಲು 40ರಿಂದ 55 ವರ್ಷದ ಸುಮಾರು 16 ಸಾವಿರ ಮಹಿಳೆಯರ ಸಮೀಕ್ಷೆ ನಡೆಯಿತು. ಬಳಿಕ 42ರಿಂದ 52 ವರ್ಷದ 3,302 ಮಹಿಳೆಯರನ್ನು ಆರಿಸಿ ಸುಮಾರು ವರ್ಷಕ್ಕೊಮ್ಮೆಯಂತೆ ತಪಾಸಣೆಗೆ ಕರೆಯಲಾಯಿತು. ಪ್ರತಿ ಕೇಂದ್ರದಲ್ಲೂ ಬಿಳಿಯ ಮಹಿಳೆಯರ ಜೊತೆಗೆ ಇನ್ನೊಂದು ಸಮುದಾಯದವರನ್ನು ಸೇರಿಸಿಕೊಳ್ಳಲಾಗಿತ್ತು. ನಾಲ್ಕು ಕಡೆ ಆಫ್ರಿಕನ್ ಅಮೆರಿಕನ್ನರು, ನ್ಯೂವಾರ್ಕ್‌ನಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಹಿಸ್ಪಾನಿಕ್ ಮಹಿಳೆಯರು, ಲಾಸ್ ಏಂಜಲೀಸ್‌ನಲ್ಲಿ ಜಪಾನ್ ಮೂಲದವರು, ಓಕ್ಲೆಂಡ್‌ನಲ್ಲಿ ಚೀನಾ ಮೂಲದವರು.

ಸಮೀಕ್ಷೆ ಹಂತದ ಮಾಹಿತಿಯನ್ನು ಆಧರಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆ ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಋತುಬಂಧದ ಲಕ್ಷಣಗಳೆಲ್ಲ ಒಂದೇ ಕಟ್ಟಾಗಿ ಬರುತ್ತವೆ ಎಂಬ ಕಲ್ಪನೆ ಸರಿಯಲ್ಲ ಎಂದು ಅದು ತೋರಿಸಿತು. ಬಿಸಿಯೇರುವಿಕೆ ಮತ್ತು ಬೆವರು ಒಂದು ಗುಂಪು. ತಲೆನೋವು, ಸಿಡುಕು, ಉದ್ವೇಗ, ಮೈಕೈ ಬಿಗಿತ ಇನ್ನೊಂದು ಗುಂಪು. ಮೊದಲನೆಯದು ಆಫ್ರಿಕನ್ ಅಮೆರಿಕನ್ ಮಹಿಳೆಯರಲ್ಲಿ ಹೆಚ್ಚು, ಎರಡನೆಯದು ಬಿಳಿಯ ಮಹಿಳೆಯರಲ್ಲಿ ಹೆಚ್ಚು ಕಂಡುಬಂತು. ಚೀನಾ ಮತ್ತು ಜಪಾನ್ ಮೂಲದವರು ಹೆಚ್ಚಿನ ಲಕ್ಷಣಗಳನ್ನು ಕಡಿಮೆ ಪ್ರಮಾಣದಲ್ಲಿ ವರದಿ ಮಾಡಿದರು. ಅಂದರೆ ಯಾವ ಸಮುದಾಯಕ್ಕೆ ತೊಂದರೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ, ಯಾವ ತೊಂದರೆ ಎಂಬುದನ್ನು ಅವಲಂಬಿಸಿದೆ.

ಎಷ್ಟು ವರ್ಷದ ಬೇಗೆ?

ಬಿಸಿಯೇರುವಿಕೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ, ಸ್ವಲ್ಪ ತಾಳಿಕೊಳ್ಳಬೇಕು ಎಂಬ ಸಲಹೆ ಸಾಮಾನ್ಯ. ಸ್ವಾನ್ ತಂಡ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನು ಸುಳ್ಳು ಮಾಡಿತು. ಎರಡು ವಾರಗಳಲ್ಲಿ ಕನಿಷ್ಠ ಆರು ದಿನ ಬಿಸಿಯೇರುವಿಕೆ ಅಥವಾ ರಾತ್ರಿ ಬೆವರು ಅನುಭವಿಸಿದ 1,449 ಮಹಿಳೆಯರ ದಾಖಲೆಗಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಅವರಲ್ಲಿ ಈ ತೊಂದರೆ ಮುಂದುವರಿದ ಅವಧಿಯ ಮಧ್ಯಾಂಕ 7.4 ವರ್ಷ. ಅಂದರೆ ಅರ್ಧದಷ್ಟು ಮಹಿಳೆಯರಿಗೆ ಅದು ಇದಕ್ಕಿಂತಲೂ ಹೆಚ್ಚು ಕಾಲ ಇತ್ತು. ಸಮುದಾಯವಾರು ಅವಧಿ ಹೀಗಿದೆ:

ಆಫ್ರಿಕನ್ ಅಮೆರಿಕನ್: 10.1 ವರ್ಷ
ಹಿಸ್ಪಾನಿಕ್: 8.9 ವರ್ಷ
ಬಿಳಿಯ: 6.5 ವರ್ಷ
ಚೀನಾ ಮೂಲ: 5.4 ವರ್ಷ
ಜಪಾನ್ ಮೂಲ: 4.8 ವರ್ಷ

ಮುಟ್ಟು ಇನ್ನೂ ಕ್ರಮವಾಗಿದ್ದಾಗ ಅಥವಾ ಆಗಷ್ಟೇ ಏರುಪೇರಾಗತೊಡಗಿದಾಗಲೇ ಬೇಗೆ ಶುರುವಾದವರಲ್ಲಿ ಅದು 11.8 ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಮುಟ್ಟು ಪೂರ್ತಿ ನಿಂತ ಮೇಲೆ ಶುರುವಾದವರಲ್ಲಿ 3.4 ವರ್ಷ. ಬೇಗ ಬಂದದ್ದು ಬೇಗ ಹೋಗುತ್ತದೆ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ. ಆಗಾಗ್ಗೆ ಕಾಡುವ, ಬಹುಕಾಲ ಉಳಿಯುವ ಬೇಗೆಗೂ ಮುಂದೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯ ಹೆಚ್ಚಿರುವುದಕ್ಕೂ ನಂಟಿದೆ ಎಂದು ಇದೇ ಅಧ್ಯಯನದ 2021ರ ವರದಿ ತಿಳಿಸಿದೆ. ಒಂದು ಇನ್ನೊಂದಕ್ಕೆ ಕಾರಣ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಬೇಗೆಯನ್ನು ಬರೀ ಕಿರಿಕಿರಿ ಎಂದು ಕಡೆಗಣಿಸುವುದೂ ಸರಿಯಲ್ಲ.

ರಕ್ತಗುಣವೋ, ಬದುಕಿನ ಬವಣೆಯೋ?

ಸಮುದಾಯಗಳ ನಡುವಿನ ಅಂತರ ಕಂಡೊಡನೆ ಅದನ್ನು ಹುಟ್ಟುಗುಣಕ್ಕೆ ಕಟ್ಟಿಬಿಡುವುದು ಸುಲಭ. ಸಂಶೋಧನೆ ಹೇಳುವ ಕಥೆ ಅದಕ್ಕಿಂತ ಜಟಿಲ.

ವಂಶವಾಹಿಯ ಪಾತ್ರ ಇದೆ. ಅಮೆರಿಕದ 17 ಸಾವಿರಕ್ಕೂ ಹೆಚ್ಚು ಮಹಿಳೆಯರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮೆದುಳಿನ ಉಷ್ಣ ನಿಯಂತ್ರಣಕ್ಕೆ ಸಂಬಂಧಿಸಿದ ಟಿಎಸಿಆರ್3 ಎಂಬ ವಂಶವಾಹಿಯ ಭಾಗದಲ್ಲಿನ ಕೆಲವು ಮಾರ್ಪಾಡುಗಳಿಗೂ ಬೇಗೆಗೂ ನಂಟು ಇರುವುದು ಅದರಲ್ಲಿ ಕಂಡುಬಂತು. ಗಮನಿಸಬೇಕಾದ ಸಂಗತಿಯೆಂದರೆ, ಈ ನಂಟು ಯಾವುದೋ ಒಂದು ಸಮುದಾಯಕ್ಕೆ ಸೀಮಿತವಾಗಿರಲಿಲ್ಲ. ಯುರೋಪ್ ಮೂಲದವರು, ಆಫ್ರಿಕನ್ ಅಮೆರಿಕನ್ನರು, ಹಿಸ್ಪಾನಿಕ್ ಮಹಿಳೆಯರು ಮೂವರಲ್ಲೂ ಅದೇ ದಿಕ್ಕಿನಲ್ಲಿತ್ತು.

ಬದುಕಿನ ಪರಿಸ್ಥಿತಿಯ ಪಾತ್ರವೂ ಸ್ಪಷ್ಟ. ಧೂಮಪಾನ, ಅಧಿಕ ತೂಕ, ಆತಂಕ, ಮಾನಸಿಕ ಒತ್ತಡ, ಕಡಿಮೆ ಶಿಕ್ಷಣ, ಹಣದ ಮುಗ್ಗಟ್ಟು ಇವೆಲ್ಲವೂ ಹೆಚ್ಚಿನ ಬೇಗೆಯೊಂದಿಗೆ ತಳುಕು ಹಾಕಿಕೊಂಡಿವೆ. ಇವು ಎಲ್ಲ ಸಮುದಾಯಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಇವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅಂತರ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಅಳಿಯುವುದಿಲ್ಲ. ಕಪ್ಪು ಜನಾಂಗದ ಮಹಿಳೆಯರ ದೇಹ ತಾರತಮ್ಯ ಮತ್ತು ಬಡತನದ ನಿರಂತರ ಒತ್ತಡದಿಂದ ವಯಸ್ಸಿಗೆ ಮೊದಲೇ ಸವೆಯುತ್ತದೆ ಎಂಬ ವಾದವನ್ನು ಸಂಶೋಧಕಿ ಆರ್ಲೀನ್ ಜೆರೊನಿಮಸ್ 1992ರಲ್ಲಿ ಮುಂದಿಟ್ಟಿದ್ದರು. ಸ್ವಾನ್ ತಂಡ 2022ರಲ್ಲಿ ತನ್ನ 25 ವರ್ಷಗಳ ಮಾಹಿತಿಯನ್ನು ಕ್ರೋಡೀಕರಿಸಿದಾಗ ಈ ವಾದಕ್ಕೆ ಪುಷ್ಟಿ ದೊರೆಯಿತು. ಕಪ್ಪು ಮಹಿಳೆಯರಲ್ಲಿ ಋತುಬಂಧ ಬಿಳಿಯ ಮಹಿಳೆಯರಿಗಿಂತ ಸುಮಾರು 8.5 ತಿಂಗಳು ಮೊದಲು ಆಗುತ್ತದೆ. ಬೇಗೆ, ಖಿನ್ನತೆ, ನಿದ್ರಾಭಂಗ ಹೆಚ್ಚು. ಆದರೂ ಹಾರ್ಮೋನ್ ಚಿಕಿತ್ಸೆ ದೊರೆಯುವುದು ಕಡಿಮೆ. ಹೆಚ್ಚು ಬಳಲುವವರಿಗೇ ಕಡಿಮೆ ಉಪಶಮನ ಎಂಬುದು ಈ ವರದಿಯ ಕಹಿ ಸಾರಾಂಶ.

ಪೂರ್ವ ಏಷ್ಯಾದ ಮಹಿಳೆಯರಿಗೆ ಬೇಗೆ ಕಡಿಮೆ ಇರುವುದಕ್ಕೆ ಸೋಯಾ ಆಹಾರವೇ ಕಾರಣ ಎಂಬ ಮಾತು ಜನಪ್ರಿಯ. ಸೋಯಾದಲ್ಲಿ ಈಸ್ಟ್ರೋಜನ್ ಹೋಲುವ ಸಸ್ಯಜನ್ಯ ಅಂಶಗಳಿರುವುದು ನಿಜ. ಸ್ವಾನ್‌ನಲ್ಲಿದ್ದ ಜಪಾನ್ ಮತ್ತು ಚೀನಾ ಮೂಲದ ಮಹಿಳೆಯರು ಅದನ್ನು ಉಳಿದವರಿಗಿಂತ ಬಹಳ ಹೆಚ್ಚು ಸೇವಿಸುತ್ತಿದ್ದುದೂ ನಿಜ. ಆದರೆ ಸೋಯಾ ಸೇವನೆಯ ಪ್ರಮಾಣಕ್ಕೂ ಬೇಗೆಗೂ ಸ್ಪಷ್ಟ ಸಂಬಂಧ ಅಲ್ಲಿ ಸಿಗಲಿಲ್ಲ.

ಪದವಿಲ್ಲದ ನೋವು

ವ್ಯತ್ಯಾಸಕ್ಕೆ ಇನ್ನೊಂದು ವಿವರಣೆ ಭಾಷೆಯಲ್ಲಿದೆ. ಕೆನಡಾದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಲಾಕ್ 1980ರ ದಶಕದಲ್ಲಿ ಜಪಾನಿನ ಮಧ್ಯವಯಸ್ಸಿನ ಮಹಿಳೆಯರನ್ನು ಅಧ್ಯಯನ ಮಾಡಿ, 1993ರಲ್ಲಿ ಪುಸ್ತಕ ಪ್ರಕಟಿಸಿದರು. ಹಿಂದಿನ ಎರಡು ವಾರಗಳಲ್ಲಿ ಬೇಗೆ ಅನುಭವಿಸಿದ್ದಾಗಿ ಹೇಳಿದವರು ಜಪಾನಿನಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ. ಕೆನಡಾದ ಮ್ಯಾನಿಟೋಬಾ ಮತ್ತು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇದು ನೂರಕ್ಕೆ ಮೂವತ್ತನ್ನು ಮೀರಿತ್ತು. ಜಪಾನಿನ ಮಹಿಳೆಯರು ಹೆಚ್ಚಾಗಿ ಹೇಳಿಕೊಂಡದ್ದು 'ಕತಾಕೋರಿ', ಅಂದರೆ ಭುಜ ಹಿಡಿದುಕೊಳ್ಳುವುದು. ಸುಮಾರು ಅರ್ಧದಷ್ಟು ಮಂದಿ ಅದನ್ನು ಹೆಸರಿಸಿದರು.

ಜಪಾನಿ ಭಾಷೆಯಲ್ಲಿ ಈ ಘಟ್ಟಕ್ಕೆ 'ಕೋನೆಂಕಿ' ಎಂಬ ಪದವಿದೆ. ಅದು ಮುಟ್ಟು ನಿಲ್ಲುವುದನ್ನಷ್ಟೇ ಅಲ್ಲ, ನಡುವಯಸ್ಸಿನ ಒಟ್ಟಾರೆ ತಿರುವನ್ನು ಸೂಚಿಸುತ್ತದೆ. 'ಹಾಟ್ ಫ್ಲಷ್' ಎಂಬುದಕ್ಕೆ ನೇರವಾಗಿ ಸಲ್ಲುವ ಒಂದೇ ಪದ ಆ ಭಾಷೆಯಲ್ಲಿ ಇರಲಿಲ್ಲ. ಮುಂದೆ 2005ರಲ್ಲಿ ಮೆಲಿಸ್ಸಾ ಮೆಲ್ಬಿ ಎಂಬ ಸಂಶೋಧಕಿ ಜಪಾನಿನಲ್ಲಿ ಬಳಕೆಯಲ್ಲಿರುವ ಹಲವು ಪದಗಳನ್ನು ಬಳಸಿ ಪ್ರಶ್ನಿಸಿದಾಗ ಬೇಗೆಯ ಪ್ರಮಾಣ ಲಾಕ್ ಅವರ ಅಂಕಿಯ ಸುಮಾರು ಎರಡು ಪಟ್ಟು ದಾಖಲಾಯಿತು. ನಡುವೆ ಕಾಲವೂ ಬದಲಾಗಿತ್ತು ಎಂಬುದು ನಿಜ. ಆದರೂ ಕೇಳುವ ಪದ ಬದಲಾದರೆ ಉತ್ತರವೂ ಬದಲಾಗಬಹುದು ಎಂಬ ಎಚ್ಚರಿಕೆ ಇದರಲ್ಲಿದೆ.

ಹವಾಯಿ ದ್ವೀಪದ ಹಿಲೊ ಪಟ್ಟಣದಲ್ಲಿ ನಡೆದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಶ್ನಾವಳಿಯಲ್ಲಿ ಜಪಾನ್ ಮೂಲದ ಮಹಿಳೆಯರು ಯುರೋಪ್ ಮೂಲದವರಿಗಿಂತ ಕಡಿಮೆ ಬೇಗೆ ಇರುವುದಾಗಿ ಬರೆದಿದ್ದರು. ಆದರೆ ಎದೆಯ ಚರ್ಮಕ್ಕೆ ಬೆವರನ್ನು ಅಳೆಯುವ ಸಾಧನ ಅಂಟಿಸಿ ಒಂದು ಇಡೀ ದಿನ ದಾಖಲಿಸಿದಾಗ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. 2009ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಒಂದು ಮಾತು ಸ್ಪಷ್ಟ: ಹೇಳಿಕೊಳ್ಳದಿರುವುದು ಬೇರೆ, ಆಗದಿರುವುದು ಬೇರೆ.

ಹಾಗೆಂದು ಎಲ್ಲವನ್ನೂ ಭಾಷೆಯ ಮೇಲೆ ಹಾಕುವಂತೆಯೂ ಇಲ್ಲ. ಮೆಕ್ಸಿಕೊದ ಯುಕಾಟಾನ್ ಪ್ರಾಂತ್ಯದ ಮಾಯಾ ಮಹಿಳೆಯರು ಬೇಗೆಯ ಅನುಭವವೇ ಇಲ್ಲ ಎಂದರೆಂದು ಯೌಬ್ದಾರ್ ಬೆಯೆನೆ ಎಂಬ ಸಂಶೋಧಕಿ 1980ರ ದಶಕದಲ್ಲಿ ವರದಿ ಮಾಡಿದ್ದರು. 1993ರಲ್ಲಿ ಇನ್ನೊಂದು ತಂಡ ಗ್ರಾಮೀಣ ಮಾಯಾ ಮಹಿಳೆಯರ ರಕ್ತ ಪರೀಕ್ಷಿಸಿದಾಗ, ಅವರಲ್ಲಿಯೂ ಈಸ್ಟ್ರೋಜನ್ ಇತರರಲ್ಲಿ ಇಳಿಯುವಂತೆಯೇ ಇಳಿದಿತ್ತು. ಹಾರ್ಮೋನ್ ಬದಲಾವಣೆ ಒಂದೇ ಆದರೂ ಅನುಭವ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಇದು ನಿದರ್ಶನ.

ಭಾರತದ ಮಹಿಳೆಯರು ಎಲ್ಲಿ?

ಸ್ವಾನ್‌ನ ಐದು ಸಮುದಾಯಗಳ ಪಟ್ಟಿಯಲ್ಲಿ ಭಾರತೀಯ ಮೂಲದವರು ಇಲ್ಲ. ಹೀಗಾಗಿ 'ಏಷ್ಯಾದ ಮಹಿಳೆಯರಿಗೆ ಬೇಗೆ ಕಡಿಮೆ' ಎಂದು ಆ ಅಧ್ಯಯನವನ್ನು ಉಲ್ಲೇಖಿಸಿ ಹೇಳುವಾಗ, ಅಲ್ಲಿ ಏಷ್ಯಾ ಎಂದರೆ ಅಮೆರಿಕದಲ್ಲಿ ನೆಲೆಸಿದ ಚೀನಾ ಮತ್ತು ಜಪಾನ್ ಮೂಲದವರು ಮಾತ್ರ. ಬೆಂಗಳೂರಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡತಿಗೆ ಆ ಅಂಕಿಗಳು ಅನ್ವಯಿಸುತ್ತವೆ ಎನ್ನಲು ಆಧಾರವಿಲ್ಲ.

ಭಾರತದ ಮಹಿಳೆಯರ ಕುರಿತ ಹಳೆಯ ಉಲ್ಲೇಖಗಳಲ್ಲಿ ಪ್ರಸಿದ್ಧವಾದದ್ದು ಮಾರ್ಷಾ ಫ್ಲಿಂಟ್ ಅವರದು. ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ 483 ರಜಪೂತ ಮಹಿಳೆಯರನ್ನು ಮಾತನಾಡಿಸಿದ ಅವರು, ಮುಟ್ಟಿನ ಏರುಪೇರು ಬಿಟ್ಟರೆ ಬೇರೆ ತೊಂದರೆ ಹೇಳಿದವರು ತೀರ ಕಡಿಮೆ ಎಂದು 1975ರಲ್ಲಿ ಬರೆದರು. ಮುಟ್ಟು ನಿಂತ ಮೇಲೆ ಪರದೆ ಸಡಿಲಗೊಂಡು ಗಂಡಸರ ನಡುವೆ ಕುಳಿತು ಮಾತನಾಡುವ ಸ್ವಾತಂತ್ರ್ಯ ದೊರೆಯುವುದೇ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಆದರೆ ನಂತರ ದೇಶದ ನಾನಾ ಭಾಗಗಳಲ್ಲಿ ನಡೆದ ಸಮೀಕ್ಷೆಗಳು ಈ ಸುಂದರ ಚಿತ್ರವನ್ನು ಸಮರ್ಥಿಸಲಿಲ್ಲ. ಭಾರತೀಯ ಮಹಿಳೆಯರೂ ಬಳಲುತ್ತಾರೆ. ಹಲವು ಸಮೀಕ್ಷೆಗಳಲ್ಲಿ ಬೇಗೆಗಿಂತ ಕೀಲುನೋವು, ಮೈಕೈ ನೋವು ಮತ್ತು ಆಯಾಸವೇ ಮುಂದಿನ ಸಾಲಿನಲ್ಲಿವೆ. ಏಷ್ಯಾದ ಒಂಬತ್ತು ಜನಾಂಗಗಳ 1,028 ಮಹಿಳೆಯರನ್ನು ಒಳಗೊಂಡು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮೈಕೈ ಹಾಗೂ ಕೀಲುನೋವಿನದೇ ಮೊದಲ ಸ್ಥಾನ.

ಕನ್ನಡದಲ್ಲೂ 'ಹಾಟ್ ಫ್ಲಷ್'ಗೆ ಮನೆಮಾತಿನ ಒಂದೇ ಪದವಿಲ್ಲ. 'ಉಷ್ಣ ಆಗಿದೆ', 'ಮೈಯೆಲ್ಲಾ ಉರಿ', 'ಅಂಗಾಲು ಉರಿ', 'ಒಮ್ಮೆಲೇ ಸೆಕೆ ಆಗುತ್ತೆ', 'ಬೆವತು ಹೋಗ್ತೀನಿ' ಎಂಬ ಮಾತುಗಳಲ್ಲಿ ಅದು ಹರಿದು ಹಂಚಿಹೋಗಿದೆ. ಬೇಸಿಗೆಯ ಸೆಕೆಯ ನಡುವೆ ಹೇಳುವ ಈ ಮಾತನ್ನು ಮನೆಯವರು ಊಟದ ದೋಷವೆಂದು ಭಾವಿಸಿ ಮಜ್ಜಿಗೆ, ಎಳನೀರು ಕೊಟ್ಟು ಸುಮ್ಮನಾಗುವುದುಂಟು. ಇಂಗ್ಲಿಷ್ ಪ್ರಶ್ನಾವಳಿಯ ನೇರ ಅನುವಾದ ಈ ಮಾತುಗಳನ್ನು ಹಿಡಿಯಲಾರದು.

ಭಾರತದ ಮಟ್ಟಿಗೆ ಮುಖ್ಯವಾದ ಇನ್ನೊಂದು ವ್ಯತ್ಯಾಸ ವಯಸ್ಸಿನದು. ಸ್ವಾನ್ ಅಧ್ಯಯನದಲ್ಲಿ ಸಹಜ ಋತುಬಂಧದ ವಯಸ್ಸು 52ರ ಆಸುಪಾಸಿನಲ್ಲಿತ್ತು. ಇಂಡಿಯನ್ ಮೆನೋಪಾಸ್ ಸೊಸೈಟಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ಭಾರತೀಯ ಮಹಿಳೆಯರ ಸರಾಸರಿ 46.2 ವರ್ಷ. ಐದಾರು ವರ್ಷ ಮೊದಲೇ ಈಸ್ಟ್ರೋಜನ್ ಇಳಿಯುವುದೆಂದರೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯಕ್ಕೆ ಅಷ್ಟು ವರ್ಷ ಮೊದಲೇ ತೆರೆದುಕೊಳ್ಳುವುದು ಎಂದರ್ಥ.

ಲೆಕ್ಕದಿಂದ ಹೊರಗುಳಿದವರು

ಸ್ವಾನ್ ಅಧ್ಯಯನಕ್ಕೆ ಸೇರಲು ಗರ್ಭಕೋಶ ಹಾಗೂ ಕನಿಷ್ಠ ಒಂದು ಅಂಡಾಶಯ ಇರಬೇಕೆಂಬ ಷರತ್ತು ಇತ್ತು. ಸಹಜ ಋತುಬಂಧವನ್ನು ಅರಿಯಲು ಅದು ಅಗತ್ಯವೇ. ಆದರೆ 42 ವರ್ಷಕ್ಕೆ ಮುಂಚೆಯೇ ಶಸ್ತ್ರಚಿಕಿತ್ಸೆಯಲ್ಲಿ ಇವನ್ನು ಕಳೆದುಕೊಂಡವರು ಇದರಿಂದಾಗಿ ಹೊರಗುಳಿದರು. ಅಂಥವರಲ್ಲಿ ಕಪ್ಪು ಮಹಿಳೆಯರ ಪ್ರಮಾಣ ಹೆಚ್ಚು. ಅವರ ಋತುಬಂಧ ಇನ್ನೂ ಎಷ್ಟು ಬೇಗ ಆಗುತ್ತದೆ ಎಂಬುದನ್ನು ಈ ಷರತ್ತು ಮರೆಮಾಚಿತು ಎಂದು ಅಧ್ಯಯನಕ್ಕೆ ಸಂಬಂಧಿಸಿದ ಸಂಶೋಧಕರೇ ನಂತರ ತೋರಿಸಿದ್ದಾರೆ.

ಈ ಮಾತು ಭಾರತಕ್ಕೂ ಸಲ್ಲುತ್ತದೆ. ಅಂಡಾಶಯಗಳನ್ನೂ ತೆಗೆದುಹಾಕಿದರೆ ಋತುಬಂಧ ರಾತ್ರೋರಾತ್ರಿ ಬರುತ್ತದೆ, ಬೇಗೆಯೂ ಉಗ್ರವಾಗಿರುತ್ತದೆ. ಗರ್ಭಕೋಶ ಮಾತ್ರ ತೆಗೆದರೂ ಅಂಡಾಶಯಗಳು ಅವಧಿಗೆ ಮೊದಲೇ ಸೋಲುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015-16) 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರಪ್ರದೇಶದಲ್ಲಿ ಇದು ನೂರಕ್ಕೆ ಸುಮಾರು ಒಂಬತ್ತು, ತೆಲಂಗಾಣದಲ್ಲಿ ಸುಮಾರು ಎಂಟು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶವಿಲ್ಲ ಎಂಬುದು 2019ರ ಸರ್ಕಾರಿ ತನಿಖೆಯಲ್ಲಿ ಹೊರಬಿತ್ತು. ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಹಾಗೂ ದಲಿತ ಕೇರಿಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ಕೇಳಿಬಂದು ತನಿಖೆ, ಪ್ರತಿಭಟನೆಗಳು ನಡೆದವು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಇಂಥ ಕಡೆಗಳಲ್ಲಿ ಒಂದು ಸಮುದಾಯದ ಮಹಿಳೆಯರಿಗೆ ಬೇಗ ಋತುಬಂಧ ಆಗುತ್ತದೆ, ಬೇಗೆ ಹೆಚ್ಚು ಎಂದು ಕಂಡುಬಂದರೆ ಅದಕ್ಕೆ ಕಾರಣವನ್ನು ಅವರ ರಕ್ತದಲ್ಲಿ ಹುಡುಕುವ ಮೊದಲು, ಅವರು ಹೋಗಬಹುದಾದ ಆಸ್ಪತ್ರೆ ಯಾವುದು, ಅಲ್ಲಿ ಅವರಿಗೆ ಏನು ಹೇಳಲಾಯಿತು ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಚಿಕಿತ್ಸೆ ಏನು?

ಬೇಗೆಗೆ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ ಹಾರ್ಮೋನ್ ಪೂರೈಕೆ. ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಪ್ರಯೋಗದ ಒಂದು ಭಾಗವನ್ನು ಸ್ತನ ಕ್ಯಾನ್ಸರ್ ಮತ್ತು ಹೃದ್ರೋಗದ ಅಪಾಯ ಕಂಡುಬಂದ ಕಾರಣ 2002ರಲ್ಲಿ ನಿಲ್ಲಿಸಿದ ಮೇಲೆ ಜಗತ್ತಿನಾದ್ಯಂತ ಇದರ ಬಳಕೆ ಕುಸಿಯಿತು. ಆ ಪ್ರಯೋಗದಲ್ಲಿದ್ದವರಲ್ಲಿ ಬಹುಮಂದಿ ಋತುಬಂಧವಾಗಿ ಹಲವು ವರ್ಷ ಕಳೆದವರು ಎಂಬುದು ನಂತರದ ವಿಶ್ಲೇಷಣೆಗಳಲ್ಲಿ ಮುಖ್ಯ ಅಂಶವಾಯಿತು. 60 ವರ್ಷದೊಳಗಿನ ಅಥವಾ ಋತುಬಂಧವಾಗಿ ಹತ್ತು ವರ್ಷ ಮೀರದ, ಬೇರೆ ಅಡ್ಡಿಗಳಿಲ್ಲದ ಮಹಿಳೆಯರಲ್ಲಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂಬುದು ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘಟನೆ 2022ರಲ್ಲಿ ಪ್ರಕಟಿಸಿದ ನಿಲುವು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟೊಜನ್ ಕೂಡ ಬೇಕು.

ಹಾರ್ಮೋನ್ ಬೇಡವಾದವರಿಗೆ ಖಿನ್ನತೆಗೆ ಕೊಡುವ ಕೆಲವು ಔಷಧಗಳ ಕಡಿಮೆ ಪ್ರಮಾಣ, ಗ್ಯಾಬಾಪೆಂಟಿನ್, ಮನೋಚಿಕಿತ್ಸೆಯ ಕೆಲವು ವಿಧಾನಗಳು ಇವೆ. ಮೆದುಳಿನ ಉಷ್ಣ ನಿಯಂತ್ರಕ ನರಕೋಶಗಳ ಮೇಲೆಯೇ ಕೆಲಸ ಮಾಡುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ ಅಮೆರಿಕ 2023ರಲ್ಲಿ ಅನುಮತಿ ನೀಡಿತು. ಯಕೃತ್ತಿಗೆ ಗಂಭೀರ ಹಾನಿಯಾಗಬಹುದೆಂಬ ಎಚ್ಚರಿಕೆಯನ್ನು 2024ರಲ್ಲಿ ಅದಕ್ಕೆ ಸೇರಿಸಲಾಯಿತು. ಸೋಯಾ ಆಹಾರ ಅಥವಾ ಮಾತ್ರೆಗಳನ್ನು ಬೇಗೆಗೆ ಮದ್ದಾಗಿ ಅದೇ ಸಂಘಟನೆ ಶಿಫಾರಸು ಮಾಡುವುದಿಲ್ಲ; ಅಧಿಕ ತೂಕ ಇಳಿಸುವುದನ್ನು ಶಿಫಾರಸು ಮಾಡುತ್ತದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

* ಮುಟ್ಟು ನಿಂತು ಒಂದು ವರ್ಷದ ನಂತರ ಮತ್ತೆ ರಕ್ತ ಕಂಡರೆ, ಪ್ರಮಾಣ ಎಷ್ಟೇ ಕಡಿಮೆ ಇದ್ದರೂ ತಪಾಸಣೆ ಅಗತ್ಯ.
* 40 ವರ್ಷಕ್ಕೆ ಮುಂಚೆ ಮುಟ್ಟು ನಿಂತರೆ ಅದು ಅಕಾಲಿಕ. 45ಕ್ಕೆ ಮುಂಚೆ ನಿಂತರೂ ಮೂಳೆ ಮತ್ತು ಹೃದಯದ ಬಗ್ಗೆ ವೈದ್ಯರ ಸಲಹೆ ಬೇಕು.
* ರಾತ್ರಿ ಬೆವರಿನೊಂದಿಗೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಕ್ಷಯದಂಥ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಥೈರಾಯ್ಡ್ ತೊಂದರೆಯೂ ಬೇಗೆಯನ್ನು ಹೋಲಬಹುದು.
* ಗರ್ಭಕೋಶ ತೆಗೆಯಬೇಕೆಂಬ ಸಲಹೆ ಬಂದಾಗ, ತುರ್ತು ಇಲ್ಲದಿದ್ದರೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು. ಅಂಡಾಶಯಗಳನ್ನೂ ತೆಗೆಯುತ್ತಾರೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಸರಾಸರಿ ಬೇರೆ, ಮಹಿಳೆ ಬೇರೆ

ಸಮುದಾಯಗಳ ನಡುವಿನ ಅಂತರ ನಿಜ. ಆದರೆ ಒಂದೇ ಸಮುದಾಯದ ಇಬ್ಬರು ಮಹಿಳೆಯರ ನಡುವಿನ ಅಂತರ ಅನೇಕ ವೇಳೆ ಅದಕ್ಕಿಂತ ದೊಡ್ಡದು. ಜಪಾನ್ ಮೂಲದವರ ಅವಧಿ 4.8 ವರ್ಷ ಎಂದಾಗ, ಅದಕ್ಕಿಂತ ಹೆಚ್ಚು ಕಾಲ ಬಳಲಿದ ಅರ್ಧದಷ್ಟು ಮಂದಿ ಆ ಅಂಕಿಯ ಹಿಂದೆ ಇದ್ದಾರೆ. ಸಮುದಾಯದ ಅಂಕಿ ಅಂಶದಿಂದ ಸರ್ಕಾರಕ್ಕೆ ಯೋಜನೆ ರೂಪಿಸಲು, ಯಾರು ಚಿಕಿತ್ಸೆಯಿಂದ ವಂಚಿತರಾಗಿದ್ದಾರೆ ಎಂದು ಗುರುತಿಸಲು ಸಹಾಯವಾಗುತ್ತದೆ. ಎದುರಿಗೆ ಕುಳಿತ ಮಹಿಳೆಗೆ ಬೇಗೆ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಅದನ್ನು ಹೇಳಬಲ್ಲವಳು ಆಕೆ ಮಾತ್ರ. ಆಕೆ 'ಉಷ್ಣ' ಎಂದರೂ, 'ಉರಿ' ಎಂದರೂ, 'ಸೊಂಟ ನೋವು' ಎಂದಷ್ಟೇ ಹೇಳಿ ಸುಮ್ಮನಾದರೂ, ಮುಂದಿನ ಪ್ರಶ್ನೆ ಕೇಳುವ ಹೊಣೆ ವೈದ್ಯರದು ಮತ್ತು ಮನೆಯವರದು.